ಕರೆಯದೆ ಕೊಟ್ಟ ಔಷಧಿ

ಮೊನ್ನೆ ಬೆಳಿಗ್ಗೆ ನಿಮ್ಮಮ್ಮ ತಂಬುಳಿಗೆಂದು ಒಂದೆಲಗದ ಸೊಪ್ಪನ್ನು ಮಿಕ್ಸಿಗೆ ಹಾಕಿದಳು. ಮುಚ್ಚಳ ತೆಗೆದ ಕೂಡಲೇ ಆ ಹಸಿ ವಾಸನೆ ಹಜಾರದಲ್ಲಿ ಕೂತಿದ್ದ ನನ್ನವರೆಗೂ ಬಂತು. ಗದ್ದೆ ಬದುವಿನ ಒದ್ದೆ ಮಣ್ಣಿನಂಥ, ಗಂಟಲಲ್ಲಿ ಸ್ವಲ್ಪ ಕಹಿ ಉಳಿಸುವಂಥ ವಾಸನೆ. ಪುಟ್ಟಿ, ನೀನು ಫೋನಿನಿಂದ ತಲೆಯೆತ್ತಿ, "ಅಜ್ಜಿ, ಇದು ಡಿಪ್ರೆಶನ್‌ಗೂ ಒಳ್ಳೇದಂತೆ. ಗಂಡ ಹೆಂಡ್ತಿ ಸರಿ ಇಲ್ದೇ ಇದ್ರೆ ಬರುತ್ತಲ್ಲ ಬೇಜಾರು, ಅದಕ್ಕೆ ನ್ಯಾಚುರಲ್ ಔಷಧಿಯಂತೆ" ಎಂದು ಓದಿ ಹೇಳಿದೆ. ನಾನು ಎದ್ದು ಹೊರಗೆ ಕಾಂಪೌಂಡಿಗೆ ಹೋಗಿಬಿಟ್ಟೆ. ಅಜ್ಜಿಗೆ ಯಾಕೆ ಕೋಪ ಬಂತು ಎಂದು ನೀವೆಲ್ಲ ಮುಖ ಮುಖ ನೋಡಿಕೊಂಡಿರಿ.

ಕೋಪ ನಿಮ್ಮ ಮೇಲಲ್ಲ. ಬಾಯಿಬಿಟ್ಟು ಹೇಳಲು ನನಗೆ ಬರುವುದಿಲ್ಲ, ಮನೆಯವರೆದುರೂ ಅಷ್ಟೆ. ಹಳ್ಳಿ ಶಾಲೆಯಲ್ಲಿ ಏಳನೆಯವರೆಗೆ ಕಲಿತದ್ದು ಇನ್ನೂ ಕೈಯಲ್ಲಿದೆ, ಆದ್ದರಿಂದ ಬರೆಯುತ್ತಿದ್ದೇನೆ.

ನಿಮ್ಮ ತಾತ ಭದ್ರಾವತಿಯ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದಾಗ ನಾವು ಕ್ವಾರ್ಟರ್ಸಿನಲ್ಲಿದ್ದೆವು. ಒಂದೇ ಗೋಡೆಗೆ ಅಂಟಿದಂತೆ ಎರಡು ಮನೆ. ಆಚೆ ಮನೆಯಲ್ಲಿ ಅವಳು, ಅವಳ ಗಂಡ, ಇಬ್ಬರು ಮಕ್ಕಳು, ಗಂಡನ ತಾಯಿ. ಅವಳನ್ನು ನಾನು ಅಕ್ಕ ಎನ್ನುತ್ತಿದ್ದೆ. ಹೆಸರು ಬರೆಯುವುದಿಲ್ಲ. ಅವಳ ಮಕ್ಕಳು ಇಲ್ಲೇ ಶಿವಮೊಗ್ಗದ ವಿದ್ಯಾನಗರದಲ್ಲಿದ್ದಾರೆ, ಅವರಿಗೆ ನೋವಾಗುವುದು ಬೇಡ.

ಅಕ್ಕನ ನಗು ಸಾಲಿನ ಕೊನೆಯ ಮನೆಗೂ ಕೇಳಿಸುತ್ತಿತ್ತು. ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ಅವಳಿದ್ದರೆ ಕೊಡಗಳ ಜಗಳ ನಡೆಯುತ್ತಲೇ ಇರಲಿಲ್ಲ; ಇಬ್ಬರನ್ನೂ ಏನೋ ಹೇಳಿ ನಗಿಸಿಬಿಡುತ್ತಿದ್ದಳು. ನನ್ನ ಸಂಕೋಚ ಅವಳಿಗೆ ದೊಡ್ಡ ತಮಾಷೆ. "ಬಾಯಲ್ಲಿ ಅವಲಕ್ಕಿ ತುಂಬ್ಕೊಂಡಿದೀಯೇನೇ ಮಾರಾಯ್ತಿ? ನುಂಗಿ ಮಾತಾಡು" ಎನ್ನುತ್ತಿದ್ದಳು.

ಆ ನಗುವಿನಿಂದಲೇ ಎಲ್ಲ ಶುರುವಾದದ್ದು… ಅವಳ ನಾದಿನಿಯ ಮನೆಯಲ್ಲಿ ಮಗುವಿಗೆ ಹೆಸರಿಡುವ ಊಟ. ನಾವೂ ಹೋಗಿದ್ದೆವು. ಊಟವಾದ ಮೇಲೆ ಅವಳ ಗಂಡ ಜಗಲಿಯಲ್ಲಿ ಕೂತು, ತ್ಯಾವರೆಕೊಪ್ಪದ ಸಫಾರಿಗೆ ಹೋದದ್ದನ್ನು ನೆಂಟರಿಗೆಲ್ಲ ವರ್ಣಿಸುತ್ತಿದ್ದ. ಸಿಂಹ ವ್ಯಾನಿನ ಪಕ್ಕಕ್ಕೇ ಬಂದು ನಿಂತಿತಂತೆ, ಉಳಿದವರೆಲ್ಲ ನಡುಗಿದರಂತೆ, ತಾನು ಅದರ ಕಣ್ಣಲ್ಲಿ ಕಣ್ಣಿಟ್ಟು ನೋಡಿದನಂತೆ. ಎಲೆಯಡಿಕೆ ತಟ್ಟೆ ತಂದ ಅಕ್ಕ ನಗುತ್ತ, "ಯಾವ ಕಣ್ಣಲ್ಲಿ ನೋಡಿದ್ರಿ? ನನ್ನ ಸೆರಗಲ್ಲಿ ಮುಖ ಮುಚ್ಕೊಂಡು ಕೂತಿದ್ರಲ್ಲ" ಎಂದುಬಿಟ್ಟಳು. ಜಗಲಿಯವರೆಲ್ಲ ನಕ್ಕರು. ನಿಮ್ಮ ತಾತನೂ ನಕ್ಕರು. ಅವನೊಬ್ಬ ನಗಲಿಲ್ಲ.

ಇಷ್ಟೇ, ಮಕ್ಕಳೇ, ಅವಳ ಅಪರಾಧ. ಅಂದಿನಿಂದ ಅವನು ಅವಳ ಜೊತೆ ಮಾತು ಬಿಟ್ಟ.

ಗಂಡಸರನ್ನು 'ಅವರು' ಎಂದೇ ಬರೆದು ನನಗೆ ಅಭ್ಯಾಸ. ಇವನೊಬ್ಬನ ವಿಷಯದಲ್ಲಿ ಮಾತ್ರ ಕೈ ಕೇಳುವುದಿಲ್ಲ. ಅವನು ಕುಡುಕನಲ್ಲ, ಹೊಡೆಯುವವನಲ್ಲ, ಸಂಬಳ ಸರಿಯಾಗಿ ತಂದು ಕೊಡುತ್ತಿದ್ದ. ಅದಕ್ಕೇ ಯಾರೂ ಅವನನ್ನು ಒಂದು ಮಾತು ಕೇಳಲಿಲ್ಲ. ಹಾಲಿನವನ ಜೊತೆ ಮಾತಾಡುತ್ತಿದ್ದ, ಬೀದಿ ನಾಯಿಯನ್ನೂ ಕರೆದು ಮಾತಾಡಿಸುತ್ತಿದ್ದ. ಊಟಕ್ಕೆ ಕೂತು, ಸೌಟು ಹಿಡಿದು ಎದುರಲ್ಲೇ ನಿಂತ ಹೆಂಡತಿಯನ್ನು ಬಿಟ್ಟು, ಒಳಕೋಣೆಯಲ್ಲಿದ್ದ ತಾಯಿಗೆ ಕೂಗುತ್ತಿದ್ದ: "ಅಮ್ಮ, ಸಾರು ಬೇಕಂತ ಹೇಳು." ಒಂದೆರಡು ದಿನ ಕೋಪ ಇರಬಹುದು ಎಂದುಕೊಂಡೆವು. ಮಳೆಗಾಲ ಕಳೆಯಿತು, ದೀಪಾವಳಿ ಕಳೆಯಿತು, ಮಾತಿಲ್ಲ.

ಮೊದಮೊದಲು ಅಕ್ಕ ಅದನ್ನೂ ತಮಾಷೆ ಮಾಡುತ್ತಿದ್ದಳು. "ನಮ್ಮನೇಲಿ ಮೌನವ್ರತ ಕಣೆ" ಎನ್ನುತ್ತಿದ್ದಳು. ಆಮೇಲೆ ತಮಾಷೆ ನಿಂತಿತು. ನಲ್ಲಿಗೆ ಬರುವುದು ನಿಂತಿತು. ತಲೆ ಬಾಚಿಕೊಳ್ಳುತ್ತಿರಲಿಲ್ಲ. ನಾನು ಹೋದರೆ ಗೋಡೆಗೊರಗಿ ಕೂತಿರುತ್ತಿದ್ದಳು, ತೊಡೆಯ ಮೇಲಿನ ಮೊರದಲ್ಲಿ ಅಕ್ಕಿ ಹಾಗೇ ಇರುತ್ತಿತ್ತು. ತಾನು ಮಾಡಿದ ಅಡಿಗೆ ತನಗೇ ಮಣ್ಣಿನ ಹಾಗಿರುತ್ತದೆ ಎನ್ನುತ್ತಿದ್ದಳು. ಅದು ಕಾಯಿಲೆ ಎಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಬೇಜಾರು ಎಂದೆವು. ದೃಷ್ಟಿ ಎಂದೆವು. ಉಷ್ಣ ಎಂದೆವು.

ಸರಿ, ಔಷಧಿಗಳು ಬರತೊಡಗಿದವು. ಒಬ್ಬರು ಬೆಳಿಗ್ಗೆ ಬರಿ ಹೊಟ್ಟೆಗೆ ಒಂದೆಲಗದ ರಸ ಎಂದರು. ಒಬ್ಬರು ನೆತ್ತಿಗೆ ಬ್ರಾಹ್ಮಿ ಎಣ್ಣೆ. ಹಿಂದಿನ ಸಾಲಿನ ತಮಿಳಿನವರು ತುಳಸಿ ಕಷಾಯ. ಯೋಗದ ಕ್ಲಾಸಿಗೆ ಹೋಗುವವರೊಬ್ಬರು ಬಂದು, ಮೂಗು ಹಿಡಿದು ಉಸಿರಾಡುವುದನ್ನು ತೋರಿಸಿ ಹೋದರು. ಅದರ ಜೊತೆಗೆ ಪಥ್ಯ: ಹುಳಿ ಕೂಡದು, ಖಾರ ಕೂಡದು, ಬದನೆಕಾಯಿ ಮುಟ್ಟಕೂಡದು. ಎಲ್ಲರೂ ಅಕ್ಕರೆಯಿಂದಲೇ ಹೇಳಿದ್ದು. ಆದರೆ ಆ ಸೊಪ್ಪನ್ನು ಅರೆಯುವವರು ಯಾರು? ಅವಳೇ. ಎದ್ದು ನಿಲ್ಲಲಾರದವಳು ಬೆಳಗಾಗುವ ಮೊದಲೇ ಎದ್ದು ತನ್ನ ಔಷಧಿ ತಾನೇ ಅರೆದು, ತನಗೊಂದು ಪಥ್ಯದ ಅಡಿಗೆ, ಮಾತಾಡದ ಗಂಡನಿಗೊಂದು ಹುಳಿ ಖಾರದ ಅಡಿಗೆ ಮಾಡುತ್ತಿದ್ದಳು. ಈಗ ನೆನೆದರೂ ನನ್ನ ಮೈ ಉರಿಯುತ್ತದೆ. ಮಾತು ಬಿಟ್ಟವನು ಅವನು, ಕಷಾಯ ಕುಡಿಯಬೇಕಾದವಳು ಇವಳು.

ಸೊಪ್ಪನ್ನು ನಾನು ದೂರುವುದಿಲ್ಲ. ಕೆಲವು ಹಿತವೇ ಆಗಿದ್ದವು. ನಾನು ಅವಳನ್ನು ಬೆಳಿಗ್ಗೆ ನಾಲೆಯ ಏರಿಯ ಮೇಲೆ ನಡೆಯಲು ಎಬ್ಬಿಸಿಕೊಂಡು ಹೋಗುತ್ತಿದ್ದೆ. ಬಿಸಿಲು ಬೆನ್ನಿಗೆ ಬಿದ್ದಾಗ ಅವಳ ಹೆಜ್ಜೆ ಸ್ವಲ್ಪ ಹಗುರಾಗುತ್ತಿತ್ತು. ಹಿತ್ತಿಲಲ್ಲಿ ಇಬ್ಬರೂ ಸೇರಿ ಹಾಕಿದ ಅವರೆ ಬಳ್ಳಿಗೆ ನೀರು ಹೊಯ್ದ ದಿನ ರಾತ್ರಿ ಚೂರು ನಿದ್ದೆ ಬರುತ್ತಿತ್ತಂತೆ. ಆದರೆ ಮನೆಯೊಳಗೆ ಕಾಲಿಟ್ಟರೆ ಮತ್ತೆ ಅದೇ. ಒಂದು ಬೆಳಿಗ್ಗೆ ಏರಿಯ ಮೇಲೆ ನಿಂತು, "ನೀರು ಎಷ್ಟು ತಣ್ಣಗಿರುತ್ತೆ ಅಲ್ವೇನೇ" ಎಂದಳು. ನಾನು ಅವಳ ರಟ್ಟೆ ಹಿಡಿದುಕೊಂಡೆ. ಆಗ ಅವಳೇ ಹೇಳಿದಳು, "ಒಂದ್ಸಲ ಕರೆದ್ರೆ ಸಾಕು ಕಣೆ. ಬೈಯಕ್ಕಾದ್ರೂ ಸರಿ, ಹೆಸರು ಹಿಡಿದು ಒಂದ್ಸಲ ಕರೀಲಿ."

ಇದನ್ನು ನಾನು ಅವಳ ಅತ್ತೆಗೆ ಹೇಳಿದೆ. ನಾನಾಗಿ ಹೋಗಿ ಹೇಳಿದ ಮಾತು ಅದೊಂದೇ ಇರಬೇಕು. ಆ ಅಜ್ಜಿ ಶಿಕಾರಿಪುರದ ಕಡೆಯ ರೈತರ ಮನೆಯದು, ಮಾತು ಒರಟು. ಮಾರನೆಯ ದಿನ ಮಗ ಕಾಫಿ ಕುಡಿಯುತ್ತಿರುವಾಗ ಸೊಪ್ಪಿನ ಬುಟ್ಟಿಯನ್ನು ತಂದು ಅವನ ಮುಂದಿಟ್ಟಿತು. ನಾನು ಮೊಸರಿಗೆ ಹೆಪ್ಪು ಕೇಳಲು ಹೋದವಳು ಬಾಗಿಲಲ್ಲೇ ನಿಂತೆ.

"ಲೋ, ಈ ಸೊಪ್ಪಿಗೆ ಒಂದು ಕ್ರಮ ಐತೆ. ಹೆಂಗಸು ತಾನೇ ಅರ್ಕೊಂಡು ಕುಡಿದ್ರೆ ನಾಟಲ್ಲ. ಕಟ್ಕೊಂಡೋನು ಅರೀಬೇಕು. ಅರೆದು, ಹೆಸರು ಹಿಡಿದು ಕರೆದು, ಕೈಗೆ ಕೊಡ್ಬೇಕು."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ನೀನು ಕೇಳಿದ್ಯೇನೋ?"

ಅಂಥ ಕ್ರಮ ಯಾವುದೂ ಇರಲಿಲ್ಲ. ನಿಮ್ಮಪ್ಪ ಸಣ್ಣವನಿದ್ದಾಗ ಇದೇ ಅಜ್ಜಿ ಇದೇ ಸೊಪ್ಪನ್ನು ತಾನೇ ಅರೆದು ಅವನಿಗೆ ಕುಡಿಸಿತ್ತು. ಈಗ ನನ್ನ ಕಡೆ ತಿರುಗಿಯೂ ನೋಡಲಿಲ್ಲ, ನಾನೆಲ್ಲಿ ನಕ್ಕುಬಿಡುತ್ತೇನೋ ಎಂದಿರಬೇಕು.

ಅವನಿಗೆ ತಾಯಿಯ ಮಾತು ಮೀರುವ ಧೈರ್ಯವಿರಲಿಲ್ಲ. ಮರುದಿನ ಬೆಳಿಗ್ಗೆ ಗೋಡೆಯಾಚೆ ಒರಳಿನ ಸದ್ದು ಕೇಳಿತು. ಅಕ್ಕನ ಕೈಯಲ್ಲ ಎಂದು ಗೊತ್ತಾಯಿತು, ಕಲ್ಲು ತಡವರಿಸುತ್ತಿತ್ತು. ಅಜ್ಜಿ ನನ್ನನ್ನು ಬರಹೇಳಿತ್ತು. ಒಳಕೋಣೆಗೆ ಹೋಗಿ ನೋಡಿದರೆ ಅಕ್ಕ ತಲೆ ಬಾಚಿ, ಹಣೆಗಿಟ್ಟು, ಇಸ್ತ್ರಿ ಸೀರೆ ಉಟ್ಟು ಮಂಚದ ಅಂಚಿನಲ್ಲಿ ಕೂತಿದ್ದಳು, ಹೆಣ್ಣು ನೋಡಲು ಬಂದವರಿಗೆ ಕಾಯುವ ಹುಡುಗಿಯ ಹಾಗೆ. ಮದುವೆಯಾಗಿ ಎರಡು ಮಕ್ಕಳ ತಾಯಿ, ತನ್ನ ಗಂಡ ತನ್ನ ಹೆಸರು ಹೇಳುತ್ತಾನೆಂದು ಹಾಗೆ ಕೂತಿದ್ದಳು.

ಒರಳು ನಿಂತಿತು. ಲೋಟವನ್ನು ಅಡಿಗೆ ಕಟ್ಟೆಯ ಮೇಲಿಟ್ಟ ಸದ್ದಾಯಿತು. ಆಮೇಲೆ ಅವನು ಕೆಮ್ಮಿದ.

"ಕರಿಯೋ" ಎಂದಿತು ಅಜ್ಜಿ.

"ಕೆಮ್ಮಿದ್ನಲ್ಲ" ಎಂದ ಅವನು.

ಅಕ್ಕ ಎದ್ದು ಹೋಗಿ ಲೋಟ ತೆಗೆದುಕೊಂಡು ಕುಡಿದಳು. ಮರುದಿನವೂ ಅಷ್ಟೆ, ಅದರ ಮರುದಿನವೂ ಅಷ್ಟೆ. ಅರೆದ. ಇಟ್ಟ. ಕೆಮ್ಮಿದ. ಅಜ್ಜಿ ಬೈದು ನೋಡಿತು, ಗೋಗರೆದು ನೋಡಿತು. ತೋಳಿನಲ್ಲಿ ಅಷ್ಟು ಶ್ರಮಪಟ್ಟ ಮನುಷ್ಯ ನಾಲಿಗೆಗೆ ಇಷ್ಟು ಕೆಲಸ ಕೊಡಲಿಲ್ಲ. ಅಕ್ಕನ ಸೀರೆ ಮತ್ತೆ ಮುದುರಿತು, ತಲೆ ಮತ್ತೆ ಬಿಚ್ಚಿಹೋಯಿತು.

ಒಂದು ದಿನ ಅವನು ಕೆಮ್ಮಿದಾಗ ಅವಳು ಏಳಲಿಲ್ಲ. ಕೂತಲ್ಲಿಂದಲೇ ಅತ್ತೆಗೆ ಹೇಳಿದಳು, "ಸಾಕು ಅತ್ತೆ, ನಿಲ್ಸಿ. ಹೀಗೇ ಆದ್ರೆ ಅವರ ಗಂಟಲಿಗೇ ಔಷಧಿ ಬೇಕಾಗುತ್ತೆ." ಎಷ್ಟೋ ತಿಂಗಳ ಮೇಲೆ ಅವಳು ಆಡಿದ ತಮಾಷೆ ಅದು. ನನಗೆ ನಗು ಬಂತು, ನಗುತ್ತಲೇ ಅಳುವೂ ಬಂತು. ಅವಳು ಮಾತ್ರ ಶಾಂತವಾಗಿದ್ದಳು. "ನನ್ನನ್ನ ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿ, ಡಾಕ್ಟರಿಗೆ ತೋರ್ಸಿ. ಇಲ್ಲಾಂದ್ರೆ ನಾನು ಉಳಿಯಲ್ಲ" ಎಂದಳು.

ಅಜ್ಜಿಯೂ ನಾನೂ ಅವಳನ್ನು ಬಸ್ಸಿನಲ್ಲಿ ಕರೆದುಕೊಂಡು ಬಂದೆವು. ಮನಸ್ಸಿನ ಡಾಕ್ಟರೆಂದರೆ ನಮಗೆ ಭಯ. ಯಾರಾದರೂ ಕಂಡಾರೆಂದು ಅಜ್ಜಿ ಸೆರಗು ಹೊದ್ದು ಕೂತಿತ್ತು. ಡಾಕ್ಟರು ತುಂಬ ಹೊತ್ತು ಅಕ್ಕನ ಮಾತು ಕೇಳಿದರು. ಅವಳು ಮಾತಾಡುತ್ತ ಹೋದಳು… ಅಷ್ಟೊಂದು ಮಾತು ಒಳಗಿತ್ತೆಂದು ನನಗೂ ಗೊತ್ತಿರಲಿಲ್ಲ. "ಇದು ಕಾಯಿಲೆ ಅಮ್ಮ, ವಾಸಿಯಾಗುತ್ತೆ" ಎಂದರು ಅವರು. "ಸೊಪ್ಪು ತಿನ್ನಿ, ಬೇಡ ಅನ್ನಲ್ಲ. ವಾಕಿಂಗ್ ಬಿಡ್ಬೇಡಿ. ಮಾತ್ರೆ ಮಾತ್ರ ನಾನು ಹೇಳೋ ತನಕ ತಗೊಳ್ಳಿ. ಮುಂದಿನ್ಸಲ ಯಜಮಾನ್ರನ್ನ ಕರ್ಕೊಂಡು ಬನ್ನಿ."

ಯಜಮಾನರು ತಾಯಿಯ ಬಾಯಲ್ಲಿ ಹೇಳಿ ಕಳಿಸಿದ ಉತ್ತರ ಇದು: "ಹುಚ್ಚರ ಡಾಕ್ಟರ್ ಹತ್ರ ನನಗೇನು ಕೆಲಸ?"

ಅವನು ಬರಲಿಲ್ಲ. ಅಕ್ಕ ಒಬ್ಬಳೇ ಹೋಗಿ ಬರುತ್ತಿದ್ದಳು, ಆಗಾಗ ನಾನು ಜೊತೆಗೆ. ನಿಧಾನಕ್ಕೆ ಅವಳು ಚೇತರಿಸಿಕೊಂಡಳು. ಊಟಕ್ಕೆ ರುಚಿ ಬಂತು, ನಿದ್ದೆ ಬಂತು. ಹೊಲಿಗೆ ಕಲಿತು, ಸಾಲಿನ ಹೆಂಗಸರಿಗೆಲ್ಲ ರವಿಕೆ ಹೊಲಿದು ಕೊಡತೊಡಗಿದಳು. "ಮಾತಾಡಿದ್ರಾ?" ಎಂದು ಕೇಳಿದರೆ, "ಕಾಯೋದು ಬಿಟ್ಟಿದೀನಿ ಕಣೆ" ಎನ್ನುತ್ತಿದ್ದಳು. ಮುಂದೆ ಮಕ್ಕಳ ಮದುವೆಯ ಹೊತ್ತಿಗೆ ಅವನು ಬಾಯಿ ತೆರೆದ: ಬೀಗರು ಬಂದರು, ಬಸ್ಸು ಹೊರಟಿತು, ಇಂಥ ಮಾತು, ಗೋಡೆಯ ಕಡೆ ನೋಡಿಕೊಂಡು. ಹೆಸರು ಹಿಡಿದು ಕರೆಯಲಿಲ್ಲ. ಕ್ವಾರ್ಟರ್ಸಿನವರು ಏನೆಂದರು ಗೊತ್ತೇ? ಒಂದೆಲಗ ಕುಡಿದು ಗುಣವಾಯಿತು ಎಂದರು. ಅವನಿಗೆ ಒಂದು ಮಾತೂ ತಾಗದಂತೆ ಎಲ್ಲವನ್ನೂ ಒಂದು ಲೋಟ ಸೊಪ್ಪಿನ ರಸದಲ್ಲಿ ತೊಳೆದುಬಿಟ್ಟರು.

ಹೋದ ವರ್ಷ ಅಕ್ಕ ತೀರಿಹೋದಳು. ಹೃದಯದ ತೊಂದರೆ, ಹೆಚ್ಚು ನರಳಲಿಲ್ಲ. ತಿಥಿಗೆಂದು ನಾನು ಭದ್ರಾವತಿಗೆ ಹೋಗಿದ್ದೆ. ಅವಳ ಫೋಟೋದ ಮುಂದೆ ಅವನು ಕೂತಿದ್ದ. ಬಂದವರೆದುರು ಅವಳ ಹೆಸರು ಹಿಡಿದು ಹಿಡಿದು ಕರೆದು ಅಳುತ್ತಿದ್ದ. "ಆಗ ಕಾಯಿಲೆ ಬಿದ್ದಾಗ ನಾನೇ ದಿನಾ ಕೈಯಾರೆ ಸೊಪ್ಪು ಅರೆದು ಕುಡಿಸಿ ಉಳಿಸ್ಕೊಂಡೆ. ಈಗ ಬಿಟ್ಟು ಹೋದ್ಲಲ್ಲ" ಎಂದ. ಸುತ್ತಲಿನವರು ಕಣ್ಣೊರೆಸಿಕೊಂಡರು.

ನನ್ನ ಬಾಯಿಂದ ಮಾತು ಹೇಗೆ ಬಂತೋ ತಿಳಿಯದು. "ಅರೆದ್ರಿ, ನಿಜ. ಕರೀಲಿಲ್ಲ" ಎಂದೆ. ಜೋರಾಗಿ ಏನಲ್ಲ. ಆದರೂ ಅಲ್ಲಿದ್ದವರಿಗೆಲ್ಲ ಕೇಳಿಸಿತು. ಯಾರೋ "ಸಾವಿನ ಮನೇಲಿ ಇದೆಲ್ಲ ಯಾಕಮ್ಮ" ಎಂದರು. ನಾನು ಎಲೆಗೆ ಕೂರದೆ ಎದ್ದು ಬಸ್ ಸ್ಟ್ಯಾಂಡಿಗೆ ಬಂದೆ.

ಈಗ ಅವನಿಗೆ ಮಂಕು ಕವಿದಿದೆಯಂತೆ. ಊಟ ಸೇರುವುದಿಲ್ಲ, ಸುಮ್ಮನೆ ಗೋಡೆ ನೋಡುತ್ತ ಕೂರುತ್ತಾನಂತೆ. ಕೇಳಿ ಮಕ್ಕಳೇ, ಅವನಿಗೆ ಯಾರೂ ಸೊಪ್ಪು ಅರೆದುಕೋ ಎನ್ನಲಿಲ್ಲ. ಮೂಗು ಹಿಡಿದು ಉಸಿರಾಡು ಎನ್ನಲಿಲ್ಲ. ಬೆಳಿಗ್ಗೆ ಒಬ್ಬರು, ಸಂಜೆ ಒಬ್ಬರು ಸರದಿಯ ಮೇಲೆ ಹೋಗಿ ಪಕ್ಕದಲ್ಲಿ ಕೂತು ಮಾತಾಡಿಸುತ್ತಾರೆ. ಮಗಳು ದಿನಾ ಫೋನು ಮಾಡುತ್ತಾಳೆ. ಒಂಟಿ ಬಿಡಬಾರದು, ಮಾತಿಲ್ಲದೆ ಮನುಷ್ಯ ಬದುಕುವುದಿಲ್ಲ ಎಂದು ಎಲ್ಲರೂ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಹಾಗಾದರೆ ಈ ಔಷಧಿ ಅವರಿಗೆಲ್ಲ ಆಗಲೂ ಗೊತ್ತಿತ್ತು.

ಅದನ್ನು ಅವನಿಗೆ ಕೊಡಬೇಡಿ ಎಂದು ನಾನು ಹೇಳುವುದಿಲ್ಲ. ಅವನೂ ಉಳಿಯಲಿ. ನಿನ್ನೆ ನಿಮ್ಮಪ್ಪ ಬಂದು, "ಅಮ್ಮ, ಪಾಪ, ನೀನೂ ಒಂದ್ಸಲ ಹೋಗಿ ಮಾತಾಡಿಸ್ಕೊಂಡು ಬಾ" ಎಂದ. ನೋಡೋಣ ಎಂದೆ. ಭದ್ರಾವತಿ ಬಸ್ಸು ಹತ್ತುವ ಯೋಚನೆ ಬಂದಾಗಲೆಲ್ಲ ಕಾಲು ಹಿಂದಾಗುತ್ತದೆ… ಆ ಮನೆಯಲ್ಲಿ ನಾನು ಮಾತಾಡಿಸಬೇಕಾದವಳು ಈಗ ಇಲ್ಲ.