ನನ್ನ ಕಾಲ್ಗುಣ ಮತ್ತು ಅಳಿಯನ ಕಾರು

ಅಳಿಯನ ಕಾರು ಕೆಟ್ಟು ನಿಲ್ಲುತ್ತಿದ್ದುದು ಇರಕಲ್ಲಗಡದಲ್ಲಿ ಮಾತ್ರ. ಅದೂ ನಾನು ಹತ್ತಿ ಕೂತು, ನನ್ನ ಮನೆಯಿಂದ ನಾಲ್ಕು ಮಾರು ಹೋದ ಮೇಲೆ. ಇಷ್ಟು ಸಾಕ್ಷಿ ಸಿಕ್ಕ ಮೇಲೆ ಬೀಗರ ಮನೆಯವರು ಹೆಚ್ಚಿನ ವಿಚಾರಣೆ ಮಾಡಲಿಲ್ಲ. ತಪ್ಪು ನನ್ನ ಕಾಲಿನದು ಎಂದು ತೀರ್ಮಾನವಾಯಿತು. ಗಂಡ ಸತ್ತವಳ ಕಾಲ್ಗುಣದ ಲೆಕ್ಕಕ್ಕೆ ಹಾಲು ಒಡೆದದ್ದು, ಎಮ್ಮೆ ಒದ್ದದ್ದು ಮೊದಲಿನಿಂದಲೂ ಸೇರಿದ್ದವು. ಈಗ ಕಾರೂ ಸೇರಿತು.

ಅಳಿಯನಿಗೆ ಕುಷ್ಟಗಿಯಲ್ಲಿ ಕಿರಾಣಿ ಅಂಗಡಿ. ಅಕ್ಕಿ ತರಲು ಗಂಗಾವತಿಗೆ ಹೋಗುವಾಗ, ನನಗೂ ಅಲ್ಲಿ ಕೆಲಸವಿದ್ದರೆ ಮಾತ್ರ, ನಮ್ಮ ಊರ ಮೇಲೆ ಬರುತ್ತಿದ್ದ. ಕಾರು ಬಾಗಿಲ ಮುಂದೆ ಬಿಸಿಲಲ್ಲಿ ನಿಲ್ಲಿಸಿ, ಇಂಜಿನು ಬಂದ್ ಮಾಡಿ ಒಳಗೆ ಬಂದರೆ ಚಹಾ ಆಗಬೇಕು. ಬಸಿಯಲ್ಲಿ ಸುರಿದುಕೊಂಡು, ಊದಿ ಊದಿ, ದೇಶ ಹೇಗೆ ನಡೆಯಬೇಕೆಂದು ಹೇಳುತ್ತಾ ಕುಡಿಯುವವನು ಅವನು. ಸಂತೆಗೋ ಕಣ್ಣಿನ ಡಾಕ್ಟರ ಹತ್ತಿರವೋ ಹೋಗಲು ನಾನೂ ಹತ್ತುತ್ತಿದ್ದೆ. ಕಾರು ಚಾಲೂ ಆಗುತ್ತಿತ್ತು, ಊರ ಅಗಸಿ ಬಾಗಿಲ ಹತ್ತಿರ ಎರಡು ಸಲ ಕೆಮ್ಮಿ ನಿಂತುಬಿಡುತ್ತಿತ್ತು. ಮತ್ತೆ ಚಾಲೂ ಮಾಡಿದರೆ ಮತ್ತೆ ಕೆಮ್ಮು. ಬೇವಿನ ನೆರಳಲ್ಲಿ ಒಂದಿಷ್ಟು ಹೊತ್ತು ಮುನಿಸಿಕೊಂಡು ನಿಂತ ಮೇಲೆ ಏನೂ ಆಗಿಲ್ಲವೆಂಬಂತೆ ಹೊರಡುತ್ತಿತ್ತು. ಗಂಗಾವತಿಯಲ್ಲಿ ಅವನ ವ್ಯಾಪಾರ ಮುಗಿಯುವಷ್ಟರಲ್ಲಿ ಅದು ತಣ್ಣಗಾಗಿರುತ್ತಿತ್ತು. ಅಲ್ಲಿಂದ ಮನೆತನಕ ತಕರಾರಿಲ್ಲ.

ಗ್ಯಾರೇಜಿಗೆ ತೋರಿಸಲಿಲ್ಲವೆಂದಲ್ಲ. ಮುಂಜಾನೆ ಎದ್ದು ಕಾರಿಗೆ ಮೈ ತೊಳೆದು, ವಿಭೂತಿ ಹಚ್ಚಿ, ಹೂ ಏರಿಸಿ, ಕನ್ಯೆ ತೋರಿಸಲು ಕರೆದೊಯ್ದಂತೆ ಒಯ್ಯುತ್ತಿದ್ದ. ತಣ್ಣನೆಯ ಕಾರು ಮಿಸ್ತ್ರಿಯ ಮುಂದೆ ಹಾಡು ಹೇಳುತ್ತಿತ್ತು. ಏನೂ ಆಗಿಲ್ಲ, ಛಲೋ ಐತಿ ಎಂದು ಅವನು ಹಿಂದಕ್ಕೆ ಕಳಿಸುತ್ತಿದ್ದ. ಸರಕಾರಿ ನೌಕರಿಯಲ್ಲಿರುವ ಅಳಿಯನ ಅಣ್ಣ, ಪೆಟ್ರೋಲಿನಲ್ಲಿ ನೀರು ಬೆರೆತಿದೆ ಎಂದ. ಪಕ್ಕದ ಅಂಗಡಿಯವರು ಬ್ಯಾಟರಿ ಎಂದರು, ಬ್ಯಾಟರಿ ಬದಲಾಯಿತು. ಬೀಗತಿ ನಾಲ್ಕೂ ಗಾಲಿಗೆ ಲಿಂಬಿಹಣ್ಣು ಇಟ್ಟು ತುಳಿಸಿದಳು. ಬ್ಯಾಟರಿಯೂ ಲಿಂಬಿಹಣ್ಣೂ ಸೋತ ಮೇಲೆ ಉಳಿದದ್ದು ನಾನು.

ನನಗೂ ಯಂತ್ರದ ವಿಷಯ ತಿಳಿಯದು. ಚಹಾ ಕುಡಿದ ದಿನ ನಿಲ್ಲುತ್ತದೆ, ಅವಸರವೆಂದು ಕುಡಿಯದೆ, ಬಂದ್ ಮಾಡದೆ ನನ್ನನ್ನು ಹತ್ತಿಸಿಕೊಂಡ ದಿನ ನಿಲ್ಲುವುದಿಲ್ಲ ಎಂಬುದಷ್ಟೇ ಕಂಡಿತ್ತು. ಹಾಗೆಂದು ಹೇಳಿದೆ. ನನ್ನ ಚಹಾದಲ್ಲೂ ದೋಷವಿದೆ ಎಂದು ಬೀಗತಿ ಅರ್ಥ ಮಾಡಿಕೊಂಡಳು.

ಮೊಮ್ಮಗನ ನಿಶ್ಚಿತಾರ್ಥ ಗಂಗಾವತಿಯಲ್ಲಿ ಹೆಣ್ಣಿನವರ ಮನೆಯಲ್ಲಿ ಎಂದು ಗೊತ್ತಾಯಿತು. ಮಗಳು ಫೋನು ಮಾಡಿದಳು. ಕಾರಿನಲ್ಲಿ ಇಕ್ಕಟ್ಟಂತೆ, ಬಸ್ಸಿನಲ್ಲಿ ಕಾಲು ಚಾಚಬಹುದಂತೆ, ಹೆಂಗಸರಿಗೆ ಹೇಗೂ ಪುಕ್ಕಟೆಯಂತೆ. ಕೊನೆಕೊನೆಗೆ ಅವಳ ದನಿ ಸಣ್ಣಗಾಯಿತು. ನನಗೆ ಬಸ್ಸು ಹೊಸದಲ್ಲ. ಆದರೆ ಹುಡುಗ ಹುಟ್ಟಿದ್ದು ನನ್ನ ಮನೆಯಲ್ಲಿ. ನಿಶ್ಚಿತಾರ್ಥಕ್ಕೆ ಕಾರು ಹತ್ತಿಸದವರು ಮದುವೆಗೂ ಹತ್ತಿಸುವುದಿಲ್ಲ, ಆಮೇಲೆ ಮರಿಮಗನ ತೊಟ್ಟಿಲನ್ನೂ ದೂರದಿಂದಲೇ ನೋಡೆನ್ನುತ್ತಾರೆ. ಇಂಥದ್ದು ಒಮ್ಮೆ ರೂಢಿಯಾದರೆ ಮುಗಿಯಿತು.

ನಾನು ಬಸ್ಸಿಗೆ ಹೋಗಿ ಮೊದಲೇ ತಲುಪಿದೆ. ಹೆಣ್ಣಿನವರು ಜಮಖಾನೆ ಹಾಸಿ ಕೂರಿಸಿ, ಉಳಿದವರು ಎಲ್ಲಿ ಎಂದು ಕೇಳಿದರು.

“ಕಾರಿನ್ಯಾಗ ಹೊಂಟಾರ್ರಿ,” ಎಂದೆ. “ಅದಕ್ಕ ತಡಾ ಆಗೇತಿ.”

ಕಾರಿನವರು ನನ್ನ ಊರಿನ ಗಾಳಿಯೂ ಸೋಕಬಾರದೆಂದು ಹುಲಿಹೈದರದ ದಾರಿ ಹಿಡಿದಿದ್ದರು. ಅಲ್ಲಿ ಬೀಗತಿಯ ಅಣ್ಣನ ಮನೆ. ಅಣ್ಣ ಮಂಡಕ್ಕಿ ವಗ್ಗರಣಿ, ಮಿರ್ಚಿ ತಿನ್ನಿಸಿ ಚಹಾ ಕುಡಿಸಿ ಕಳಿಸಿದ. ಊರು ದಾಟುವ ಮೊದಲೇ ಕಾರು ಕೆಮ್ಮಿ ನಿಂತಿತು. ಅಕ್ಕಿಕಾಳು ಹಾಕುವ ಮುಹೂರ್ತ ಹತ್ತಿರ ಬಂದಾಗ ಅಳಿಯನ ಫೋನು ಬಂತು. ಹೆಣ್ಣಿನ ತಂದೆ ನನ್ನ ಕೈಗೆ ಕೊಟ್ಟರು.

“ಕಾರಿನ್ಯಾಗ ನಾ ಅದೀನೇನ್ರಿ, ಅಳಿಯಂದ್ರ? ಸೀಟಿನ ಕೆಳಗ ನೋಡ್ರಿ ಒಮ್ಮಿ.”

“ಅತ್ತಿ, ಈಗ ಅದೆಲ್ಲ ಬ್ಯಾಡ್ರಿ. ಏನ್ ಮಾಡ್ಲಿ ಹೇಳ್ರಿ.”

“ಆರಾಕ ಬಿಡ್ರಿ. ಆರಿದ ಮ್ಯಾಲ ಹೊಂಡ್ರಿ. ಹಾದ್ಯಾಗ ಯಾರ ಕರದ್ರೂ ಚಾ ಕುಡೀಬ್ಯಾಡ್ರಿ.”

ಬರುವಷ್ಟರಲ್ಲಿ ಮುಹೂರ್ತ ಮೀರಿತ್ತು. ಶಾಸ್ತ್ರ ಮಾಡಿಸುವ ಅಯ್ಯನವರು ಇನ್ನೊಂದನ್ನು ಹುಡುಕಲು ಕೂತರು. ಅವರ ಜೋಳಿಗೆಯಲ್ಲಿ ಯಾವಾಗಲೂ ಒಂದು ಹೆಚ್ಚಿನದು ಇರುತ್ತದೆ. ಹೆಣ್ಣಿನ ಸೋದರಮಾವ ಗ್ಯಾರೇಜು ಇಟ್ಟವನು, ಇಸ್ತ್ರಿ ಅಂಗಿಯಲ್ಲಿ ಕೆಲಸವಿಲ್ಲದೆ ನಿಂತಿದ್ದ. ಕಾರು ಬಿಸಿ ಇರುವಾಗಲೇ ಅವನಿಗೆ ತೋರಿಸಿ ಎಂದೆ. ಅವನು ಬಂದ್ ಮಾಡಿಸಿದ, ಎಲ್ಲರೂ ಒಂದು ಚಹಾ ಕುಡಿಯಿರಿ ಎಂದ. ಕುಡಿದು ಬಂದು ಚಾಲೂ ಮಾಡಿದರೆ ಓಣಿ ದಾಟದೆ ನಿಂತಿತು. ಅವನು ಅಂಗಿಯ ತೋಳು ಮಡಚಿ, ಬಾನೆಟ್ ಎತ್ತಿ, ಒಳಗೆ ಒಂದು ಕಡೆ ತಣ್ಣೀರಲ್ಲಿ ಅದ್ದಿದ ಅರಿವೆ ಹಾಕಿದ. ತುಸು ಹೊತ್ತಿಗೆ ಚಾಲೂ ಆಯಿತು, ನಿಲ್ಲಲಿಲ್ಲ.

“ಇಲ್ಲೊಂದು ಸೆನ್ಸರ್ ಐತ್ರಿ, ಕಾವು ಏರಿದ್ರ ಕೈ ಕೊಡ್ತೈತಿ. ಓಡೂವಾಗ ಗಾಳಿ ತಾಗತೈತಿ, ಬಿಸಿ ಗಾಡಿ ಬಂದ್ ಮಾಡಿ ನಿಲ್ಲಿಸಿದ್ರ ಕಾವು ಇದಕ್ಕ ಏರತೈತಿ. ಬದಲಿ ಮಾಡಿದ್ರ ಆತು. ಇಷ್ಟ ದಿನ ಬಿಸಿ ಇದ್ದಾಗ ಯಾರಿಗೂ ತೋರಿಸಿಲ್ಲೇನ್ರಿ?”

ಅಳಿಯ ತನ್ನ ಹೊಸ ಚಪ್ಪಲಿ ನೋಡಿಕೊಂಡ. ಬೀಗತಿ ಸೆರಗು ಸರಿಮಾಡಿಕೊಂಡು, ಹುಲಿಹೈದರದಲ್ಲಿ ಅಡ್ಡ ಬಂದ ಬೆಕ್ಕಿನ ಸುದ್ದಿ ಶುರು ಮಾಡಿದಳು.

ಮದುವೆಯ ದಿನ ಕಾರು ನನ್ನ ಬಾಗಿಲಿಗೆ ಬಂತು. ಒಳಗೆ ಸೆನ್ಸರ್ ಹೊಸದು, ಗಾಲಿಯ ಕೆಳಗೆ ಲಿಂಬಿಹಣ್ಣೂ ಹೊಸವು. ಬಂದ್ ಮಾಡಿಸಿ, ಎಲ್ಲರಿಗೂ ತುಂಬು ಬಟ್ಟಲು ಚಹಾ ಕೊಟ್ಟೆ. ಒಬ್ಬರ ಕಣ್ಣೂ ಬಟ್ಟಲ ಮೇಲಿರಲಿಲ್ಲ. ನನ್ನನ್ನು ಮುಂದಿನ ಸೀಟಿಗೆ ಹತ್ತಿಸಿದರು. ಅಗಸಿ ಬಾಗಿಲು ದಾಟಿತು, ಬೇವಿನಮರ ದಾಟಿತು. ಹಿಂದಿನ ಸೀಟಿನಲ್ಲಿ ಬೀಗತಿ ಹಿಡಿದ ಉಸಿರು ಬಿಟ್ಟಳು.

“ನಿಮ್ಮ ಕಾಲ್ಗುಣ ಸುಧಾರಿಸೇತಿ ನೋಡ್ರಿ, ಅಕ್ಕಾರ.”

“ಹೌದ್ರಿ,” ಎಂದೆ. “ಗ್ಯಾರೇಜಿನ್ಯಾಗ ಬದಲಿ ಮಾಡ್ಸೇನಿ.”