ಆ ಶನಿವಾರ ನಿನ್ನ ಡ್ರೆಸ್ ಆಗಿತ್ತು

ಅನಘಾ, ಮೂರು ವರ್ಷದ ಹಿಂದೆ ಟೈಲರ್ ಪಾಂಡುರಂಗ ಮಾಸ್ಟರ್ ನಿನಗೊಂದು ಸುಳ್ಳು ಹೇಳಿದರು. ಹೇಳಿಸಿದವಳು ನಾನು. ನಿನ್ನ ಫ್ರೆಶರ್ಸ್ ನೈಟಿನ ಡ್ರೆಸ್ ಎರಡು ದಿನ ಮೊದಲೇ ಆಗಿತ್ತು — ಅವರ ಅಂಗಡಿಯ ಹಿಂಬದಿಯ ಮೊಳೆಗೆ, ಧೂಳು ಕೂರದಂತೆ ಹಳೇ ಪಂಚೆಯೊಂದನ್ನು ಹೊದ್ದುಕೊಂಡು ತೂಗುತ್ತಿತ್ತು. ನಾನು ಆ ಪಂಚೆ ಸರಿಸಿ ನೋಡಿದೆ, ಮುಟ್ಟಿದೆ, ಆಮೇಲೆ ‘ಕೊಡಬೇಡಿ’ ಅಂದೆ.

ಇದನ್ನು ಬಾಯಿಬಿಟ್ಟು ಹೇಳಬೇಕೆಂದು ಎಷ್ಟು ಸಲ ಹೊರಟೆನೋ — ನೀನು ತಿಂಡಿ ತಿನ್ನುವಾಗ, ಬಾಲ್ಕನಿಯಲ್ಲಿ ತಲೆ ಒಣಗಿಸಿಕೊಳ್ಳುವಾಗ. ಪ್ರತಿ ಸಲವೂ ‘ಇನ್ನೊಂದು ದೋಸೆ ಹಾಕ್ಲಾ?’ ಎಂದಷ್ಟೇ ಬಂತು. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಯೂನಿವರ್ಸಿಟಿ ಸೇರಿ ಆಗ ತಿಂಗಳೂ ಆಗಿರಲಿಲ್ಲ. ಜೆ.ಪಿ. ನಗರದ ಯಾವುದೋ ತಾರಸಿ ಹೋಟೆಲಿನಲ್ಲಿ ಸೀನಿಯರ್‌ಗಳು ಹೊಸಬರಿಗೆ ಒಂದು ಶನಿವಾರ ರಾತ್ರಿ ಪಾರ್ಟಿ ಇಟ್ಟಿದ್ದರು. ನಿನ್ನ ಗೆಳತಿಯರೆಲ್ಲ ಮೊಬೈಲಿನಲ್ಲಿ ಬಟ್ಟೆ ಆರ್ಡರ್ ಮಾಡುತ್ತಿದ್ದಾಗ ನೀನು ಊಟದ ಮೇಜಿನ ಮೇಲೆ ಗ್ರಾಫ್ ಹಾಳೆ ಹರಡಿಕೊಂಡು ಕೂತಿದ್ದೆ.

“ರಾತ್ರಿ ಆಚೆ ಹೋಗೋ ಬಟ್ಟೆಗೆ ಮೊದ್ಲು ಜೇಬು ಬೇಕಮ್ಮಾ. ಎರಡು. ಒಂದ್ರಲ್ಲಿ ಫೋನು, ಇನ್ನೊಂದ್ರಲ್ಲಿ ಮನೆ ಕೀ. ಕೈ ಖಾಲಿ ಇದ್ರೆ ತಾನೇ ಕುಣಿಯೋಕಾಗೋದು?”

ಆಮೇಲೆ ಒಂದೊಂದಾಗಿ ಹೇಳುತ್ತಾ ಹೋದೆ ನೀನು. ಸ್ಕೂಟರಿನ ಮೇಲೆ ಎರಡೂ ಕಡೆ ಕಾಲು ಹಾಕಿ ಕೂರುವಷ್ಟು ಅಗಲ. ತಾರಸಿಯ ಗಾಳಿಗೆ ಹಾರದಷ್ಟು ತೂಕದ ಬಟ್ಟೆ. ಹೀಲ್ಸ್ ಬೇಡ, ಆಟೋ ಸಿಗದಿದ್ದರೆ ನಡೆಯಬೇಕಾಗುತ್ತದೆ. ಬಣ್ಣ ಕಡುನೀಲಿ, ಯಾಕೆಂದರೆ ಸಾಂಬಾರು ಚೆಲ್ಲಿದರೂ ಕಾಣಬಾರದು. ನಾನು ಬೀನ್ಸ್ ಸೋಸುವುದನ್ನು ಬಿಟ್ಟು ನಿನ್ನ ಪೆನ್ಸಿಲನ್ನೇ ನೋಡುತ್ತಿದ್ದೆ. ಐವತ್ತರ ಹತ್ತಿರ ಬಂದ ನಾನು ಬೀರು ತುಂಬ ಸೀರೆ ಇಟ್ಟುಕೊಂಡವಳು. ಒಂದು ದಿನವೂ ನನ್ನ ಬಟ್ಟೆ ನನಗೆ ಏನು ಮಾಡಿಕೊಡಬೇಕು ಎಂದು ಕೇಳಿಕೊಂಡಿರಲಿಲ್ಲ. ಹದಿನೆಂಟರ ಹುಡುಗಿಗೆ ಇದು ಯಾರು ಹೇಳಿಕೊಟ್ಟರು?

ಹಾಳೆಯ ಹಿಂಬದಿಯಲ್ಲಿ ಬೆನ್ನಿನ ಚಿತ್ರವಿತ್ತು. ತೆರೆದ ಬೆನ್ನು, ನಡುವೆ ಒಂದು ದಾರದ ಗಂಟು. ಅಷ್ಟೇ. ಮದುವೆಮನೆಗಳಲ್ಲಿ ಅಂಥ ರವಿಕೆ ಎಷ್ಟು ನೋಡಿಲ್ಲ ನಾನು, ಎಷ್ಟು ಹೊಗಳಿಲ್ಲ! ಆದರೆ ಅಲ್ಲಿ ಸೆರಗಿರುತ್ತದೆ, ಸುತ್ತ ನಮ್ಮವರೇ ಇರುತ್ತಾರೆ... ನೀನು “ಹೇಗಿದೆ?” ಅಂದೆ. ನಾನು “ಚೆನ್ನಾಗಿದೆ ಪುಟ್ಟಿ” ಅಂದೆ. ಬೇಡ ಅನ್ನಬಹುದಿತ್ತು. ಅಂದಿದ್ದರೆ ನೀನು ಜಗಳವಾಡುತ್ತಿದ್ದೆ, ನಾನು ಸೋಲುತ್ತಿದ್ದೆ, ಅಷ್ಟಕ್ಕೆ ಮುಗಿಯುತ್ತಿತ್ತು. ಆ ಜಗಳಕ್ಕೆ ಹೆದರಿ —

ಗುರುವಾರ ಸೊಪ್ಪು ತರುವ ನೆಪದಲ್ಲಿ ಮಾಸ್ಟರ್ ಅಂಗಡಿಗೆ ಹೋದೆ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಅವರನ್ನು ತಿಳಿಯದವರಿಲ್ಲ. ಟೈಲರ್ ಅಂದಮೇಲೆ ‘ನಾಳೆ ಬನ್ನಿ’ ಎನ್ನುವುದು ಇದ್ದದ್ದೇ. ಅವರೊಬ್ಬರು ಮಾತ್ರ ಗಿರಾಕಿಯ ಕಣ್ಣೆದುರೇ ಕಪ್ಪು ಹಲಗೆಯ ಮೇಲೆ ಹೆಸರು, ಪಕ್ಕದಲ್ಲಿ ಕೊಡುವ ತಾರೀಕು ಬರೆಯುತ್ತಿದ್ದರು. ಬರೆದ ಮೇಲೆ ತಪ್ಪುತ್ತಿರಲಿಲ್ಲ.

“ಅನಘಮ್ಮನ ಡ್ರೆಸ್ ಆಗ್ಹೋಯ್ತು ಮೇಡಂ. ಹುಕ್ಕೂ ಹಾಕಾಯ್ತು. ಏನ್ ತಲೆ ಮೇಡಂ ನಿಮ್ಮ ಮಗಳದ್ದು! ನಂಗೇ ಪಾಠ ಹೇಳ್ಕೊಟ್ಟು ಹೋದ್ಲು.”

“ಮಾಸ್ಟ್ರೇ, ಶನಿವಾರ ಅವಳು ಬಂದ್ರೆ ಆಗಿಲ್ಲ ಅಂತ ಹೇಳ್ಬಿಡಿ.”

ಅವರು ಕತ್ತರಿ ಕೆಳಗಿಟ್ಟರು. “ನಾನು ಡೇಟ್ ತಪ್ಸಲ್ಲ ಮೇಡಂ. ನಿಮಗ್ಗೊತ್ತಲ್ಲ.”

“ಒಂದೇ ಒಂದ್ ಸಲ. ಹೆಣ್ಣುಮಗು, ರಾತ್ರಿ ಹೊತ್ತು... ನಿಮಗೂ ಮಕ್ಕಳಿದ್ದಾರೆ.”

ಆ ಕೊನೆಯ ಮಾತನ್ನು ನಾನು ಬೇಕೆಂದೇ ಆಡಿದೆ. ಅದನ್ನು ಅವರು ತಳ್ಳಿಹಾಕಲಾರರೆಂದು ಗೊತ್ತಿತ್ತು. ಅವರು ಎದ್ದು ಹಲಗೆಯ ಹತ್ತಿರ ಹೋಗಿ, ನಿನ್ನ ಹೆಸರಿನ ಪಕ್ಕದ ತಾರೀಕನ್ನು ಹೆಬ್ಬೆರಳಿನಿಂದ ಒರೆಸಿದರು.

ಶನಿವಾರ ನಾನೂ ನಿನ್ನ ಜೊತೆ ಬಂದೆ — ನೋಡು, ಅದನ್ನೂ ಮಾಡಿದೆ.

“ಆಗಿಲ್ಲಮ್ಮ,” ಅಂದರು ಮಾಸ್ಟರ್. “ಕರೆಂಟ್ ಕೈ ಕೊಡ್ತು.”

“ಮಾಸ್ಟರ್ ಅಂಕಲ್, ತಮಾಷೆ ಮಾಡ್ಬೇಡಿ. ನೀವು ಡೇಟ್ ಕೊಟ್ರೆ ಮುಗೀತು ಅಂತ ನಾನು ಎಲ್ಲಾರ ಹತ್ರ ಹೇಳ್ಕೊಂಡ್ ಬಂದಿದೀನಿ. ನೀವೂ ಎಲ್ಲಾರ ಥರಾನೇನಾ?”

ಅವರು ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತರು. ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ. ನೋಡಿದ್ದರೆ ನಿನಗೆ ತಿಳಿದುಬಿಡುತ್ತಿತ್ತು.

ನೀನು ಮುನಿಸಿಕೊಂಡು ಮನೆಯಲ್ಲೇ ಉಳಿಯುತ್ತೀಯ ಎಂದುಕೊಂಡಿದ್ದೆ. ನಿನಗಿಷ್ಟವೆಂದು ಶಾವಿಗೆ ಪಾಯಸಕ್ಕೆ ಹಾಲು ಕೂಡ ಕಾಯಿಸಿಟ್ಟಿದ್ದೆ. ನೀನು ಕ್ಲಾಸಿಗೆ ಹಾಕುವ ಕಪ್ಪು ಕುರ್ತಾ, ಜೀನ್ಸ್ ತೊಟ್ಟು, ನನ್ನ ಬೆಳ್ಳಿ ಜುಮುಕಿ ಹಾಕಿಕೊಂಡು ಕಾಲು ಗಂಟೆಯಲ್ಲಿ ತಯಾರಾಗಿ ನಿಂತೆ. ಎಷ್ಟು ನೆಟ್ಟಗೆ ನಿಂತಿದ್ದೆ! ಬಟ್ಟೆಯಿಂದ ನಿನಗೆ ಕಳೆ ಬರಬೇಕಾಗಿರಲಿಲ್ಲ, ನಿನ್ನಿಂದಲೇ ಆ ಕುರ್ತಾಕ್ಕೆ ಬಂದಿತ್ತು. ಕಾಡಿಗೆಯನ್ನು ಮಾತ್ರ ಎರಡನೇ ಸಲ ತೀಡಿದ್ದ ಗುರುತಿತ್ತು. ಮೊದಲ ಸಲದ್ದು ಯಾಕೆ ಅಳಿಸಿತೆಂದು ನಾನು ಕೇಳಲಿಲ್ಲ.

ಹೇಳಿದ ಹೊತ್ತಿಗೆ ಸರಿಯಾಗಿ ವಾಪಸ್ ಬಂದೆ. “ಒಂದು ಕೈಯಲ್ಲಿ ಫೋನ್ ಹಿಡ್ಕೊಂಡು ಅರ್ಧ ಡ್ಯಾನ್ಸ್ ಮಾಡ್ದೆ ಅಮ್ಮಾ,” ಎಂದು ನಕ್ಕೆ.

ಮಾರನೇ ದಿನ ಮಾಸ್ಟರ್ ಡ್ರೆಸ್ಸನ್ನು ತಾವೇ ತಂದುಕೊಟ್ಟು ಹೋದರು. ನೀನು ತೊಟ್ಟುಕೊಂಡು ಬಂದು ನನ್ನ ಮುಂದೆ ಬೆನ್ನು ತಿರುಗಿಸಿ ನಿಂತೆ. “ಕಟ್ಟಮ್ಮ. ಇದನ್ನ ನಾನೊಬ್ಳೇ ಕಟ್ಕೊಳೋಕಾಗಲ್ಲ. ಹೊರಡೋ ಮುಂಚೆ ನೀನು ಕಟ್ಬೇಕು ಅಂತಾನೇ ಹೀಗೆ ಮಾಡಿದ್ದು.”

ಎಣ್ಣೆ ತಿಕ್ಕಿ ನೀರು ಹಾಕಿದ ಅದೇ ಬೆನ್ನು. ಬಲ ಭುಜದ ಕೆಳಗಿನ ಅದೇ ಎಳ್ಳಿನಷ್ಟು ಮಚ್ಚೆ. ಹೆದರುವಂಥದ್ದು ಅಲ್ಲಿ ಏನಿತ್ತು? ನಾನು ಓದಿದ ಕಾನ್ವೆಂಟ್ ಶಾಲೆಯಲ್ಲಿ ಸೋಮವಾರದ ಪ್ರಾರ್ಥನೆಗೆ ಮುಂಚೆ ನಮ್ಮನ್ನು ಸಾಲಾಗಿ ಮಂಡಿಯೂರಿಸುತ್ತಿದ್ದರು. ಸ್ಕರ್ಟಿನ ಅಂಚು ನೆಲ ಮುಟ್ಟಬೇಕು. ಮುಟ್ಟದಿದ್ದರೆ ಸಿಸ್ಟರ್ ಅಲ್ಲೇ ಅಂಚಿನ ಹೊಲಿಗೆ ಬಿಚ್ಚುತ್ತಿದ್ದರು. ನನ್ನದು ಒಂದು ಸಲವೂ ಮುಟ್ಟದೆ ಇದ್ದದ್ದಿಲ್ಲ, ಅದೇ ನನಗೆ ದೊಡ್ಡ ಹೆಮ್ಮೆ. ನಿನ್ನ ಬಗ್ಗೆ ಭಯವಾಯಿತು ಅಂದರೆ ಅರ್ಧ ನಿಜ. ನೀನು ಯಾರ ಮುಂದೆಯೂ ಮಂಡಿಯೂರದೆ ಹೊರಟಿದ್ದೆ — ಅದು ನನಗೆ... ಹೊಟ್ಟೆಕಿಚ್ಚು ಎಂದು ಬರೆದು ಎರಡು ಸಲ ಹೊಡೆದುಹಾಕಿದೆ. ಆದರೆ ಅದೇ.

ದಾರ ಕಟ್ಟಿದೆ.

ನೀನು ಮತ್ತೆ ಅವರಿಗೆ ಬಟ್ಟೆ ಕೊಡಲಿಲ್ಲ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಟೈಲರ್ ಕೇಳಿದಾಗ ನೀನು ಬರೆದೆ: ‘ಪಾಂಡುರಂಗ ಮಾಸ್ಟರ್ ಹತ್ತಿರ ಹೋಗಬೇಡಿ, ಮಾತು ಉಳಿಸಿಕೊಳ್ಳಲ್ಲ.’ ಹನ್ನೊಂದು ಮಂದಿ ಹೆಬ್ಬೆರಳು ಒತ್ತಿದರು. ನಾನು ಓದಿ, ಫೋನ್ ಕವುಚಿಟ್ಟು, ಸಾರಿಗೆ ಒಗ್ಗರಣೆ ಹಾಕಿದೆ.

ಈ ವಾರ ನೀನು ಕಾಲೇಜಿನ ಬೀಳ್ಕೊಡುಗೆ ಪಾರ್ಟಿಗೆ ಹಾಳೆ ಹರಡಿಕೊಂಡು, “ಒಳ್ಳೇ ಟೈಲರೇ ಇಲ್ಲಪ್ಪ ಜಯನಗರದಲ್ಲಿ,” ಅಂದೆ. ತಡೆಯಲಾಗಲಿಲ್ಲ. ಇವತ್ತು ಬೆಳಿಗ್ಗೆ ಅವರ ಅಂಗಡಿಗೆ ಹೋಗಿ, ಮಗಳಿಗೆ ಹೇಳಿಬಿಡುತ್ತೇನೆ ಅಂದೆ.

“ಬಿಡಿ ಮೇಡಂ, ಹಳೇ ಕಥೆ. ಮಗು ನನ್ನ ಬೈಕೊಂಡ್ರೆ ಬೈಕೊಳ್ಳಲಿ. ನಿಮ್ ಮೇಲೆ ಬೇಜಾರಾಗೋದ್ ಬೇಡ.”

ಮೂರು ವರ್ಷ ಅವರು ಇದನ್ನು ಹೊತ್ತದ್ದು ಹೀಗೆ. ಅವರ ಹಿಂದಿನ ಹಲಗೆ ನೋಡಿದೆ. ಈಗ ಹೆಸರುಗಳು ಮಾತ್ರ ಇವೆ. ತಾರೀಕು ಬರೆಯುವುದನ್ನು ಬಿಟ್ಟಿದ್ದಾರೆ.

ಗ್ರೂಪಿನಲ್ಲಿ ನಿನ್ನ ಹಳೇ ಮಾತಿನ ಕೆಳಗೆ, ತಪ್ಪು ಅವರದಲ್ಲ, ನನ್ನದು ಎಂದು ಹೆಸರು ಹಾಕಿ ಬರೆದಿದ್ದೇನೆ. ಓದಿದವರು ಏನಾದರೂ ಅಂದುಕೊಳ್ಳಲಿ. ನೀನು ಇದನ್ನು ಓದಿದ ಮೇಲೆ ನನ್ನ ಹತ್ತಿರ ಬರುವ ಮುಂಚೆ ಅವರ ಹತ್ತಿರ ಹೋಗು. ಮನಸ್ಸಾದರೆ ಬಟ್ಟೆ ಕೊಡು, ಹಲಗೆಯ ಮೇಲೆ ತಾರೀಕು ಬರೆಸು. ಆ ದಿನ ತರಲು ನೀನೊಬ್ಬಳೇ ಹೋಗು.

ದಾರ ಕಟ್ಟಲು ಕರೆದರೆ ಬರುತ್ತೇನೆ. ಕರೆಯದಿದ್ದರೂ ನ್ಯಾಯವೇ.