ಟ್ಯಾಂಕಿನ ತೂತಿಗೆ ಮೊದಲ ಕುಂಕುಮ

ಕೆಜಿಎಫ್‌ನ ಕಾರ್ಖಾನೆಯೊಂದರ ಪುಟ್ಟ ಮ್ಯೂಸಿಯಂ. ಆಯುಧಪೂಜೆಯ ಬೆಳಿಗ್ಗೆ. ಯುದ್ಧದಿಂದ ಬಂದ ಹಳೆಯ ಟ್ಯಾಂಕಿಗೆ ಚೆಂಡುಹೂವಿನ ಹಾರ ಬಿದ್ದಿತ್ತು. ಅದರ ಪಕ್ಕೆಯಲ್ಲಿ ಮುಷ್ಟಿ ತೂರುವಷ್ಟು ದೊಡ್ಡ ತೂತು, ಶತ್ರುವಿನ ಗುಂಡು ಹೊಕ್ಕ ಜಾಗ. ಹೊಸ ವೆಲ್ಡರ್ ಒಬ್ಬ ಪೂಜೆಗೆ ಚೆಂದ ಕಾಣಲೆಂದು ಅದನ್ನು ಮುಚ್ಚಲು ತಗಡು ಹಿಡಿದು ಬಂದ. ಒಳ್ಳೆಯ ಕೆಲಸವೇ ಅಂದುಕೊಂಡೆ ನಾನು.

ಬೂದಿಕೋಟೆಯಿಂದ ಪೂಜೆಗೆಂದೇ ಬಂದಿದ್ದ ನಿವೃತ್ತ ವೆಲ್ಡರ್ ಪಾಪಣ್ಣ ಅಡ್ಡ ನಿಂತರು.

"ತೂತು ಮುಚ್ಚೇ ಒಟ್ಟೆ ತುಂಬ್ಸ್ಕೊಂಡೋನು ನಾನು ಕಣ್ಲಾ. ಇದ್ನ ಮಾತ್ರ ಮುಟ್ಬ್ಯಾಡ. ಇಂಥಾ ಏಟು ತಿಂದೂ ಈ ಟ್ಯಾಂಕು ಒಳಗಿದ್ದ ಮೂರು ಜನಾನೂ ಜೀವಂತ ವಾಪಸ್ ತಂದೈತೆ."

ಹೊಸಬ ತಗಡು ಕೆಳಗಿಟ್ಟ. ತೂತಿನ ಸುತ್ತ ಅರಿಶಿನ ಬಳಿದು ಮೊದಲ ಕುಂಕುಮವನ್ನು ಅಲ್ಲಿಗೇ ಇಟ್ಟ. ಬೂದುಗುಂಬಳ ಒಡೆದಾಗ ಎದ್ದ ಜೈಕಾರದಲ್ಲಿ ಎಲ್ಲರಿಗಿಂತ ಜೋರಾಗಿ ಕೇಳಿದ್ದು ನನ್ನದೇ ದನಿ.